ಗೂಡು ಸುತ್ತಿ ಹೋಗುವ ದಾರಿ

ಡಿಸೆಂಬರ್ 12

ಇವತ್ತು ಹುಡುಕಾಟ ನಿಲ್ಲಿಸಿದರು. ಶೆರಿಫ್ ಮನೆಗೇ ಬಂದಿದ್ದ. ಬಾಗಿಲಲ್ಲಿ ಬೂಟಿನ ಹಿಮ ಕೊಡವಿ, ಟೋಪಿ ತೆಗೆದು, ಮನೆಯಲ್ಲಿ ಬೇರೆ ಕುರ್ಚಿಯೇ ಇಲ್ಲವೆಂಬಂತೆ ಹೋಗಿ ಹೋಗಿ ವೆಂಡೆಲ್‌ನ ಕುರ್ಚಿಯಲ್ಲೇ ಕೂತ. ಏಳು ಅನ್ನಬೇಕೆಂದುಕೊಂಡೆ, ಅನ್ನಲಿಲ್ಲ. ಗಂಡ ಎಲ್ಲಿದ್ದಾನೆಂದು ಗೊತ್ತಿಲ್ಲದವಳಿಗೆ ಕುರ್ಚಿಯ ಚಿಂತೆ.

"ಇಡಾ, ನದಿ ಅವನನ್ನ ಕೊರಕಲಿಗೆ ಎಳ್ಕೊಂಡು ಹೋಗಿದೆ. ಗಾಳದ ಕೋಲು ಅಲ್ಲೇ ಸಿಕ್ತು, ಟೋಪಿ ಅಲ್ಲೇ ಸಿಕ್ತು. ಆ ಐಸ್ ಕೆಳಗೆ ಜನರನ್ನ ಇಳಿಸೋಕೆ ನನ್ನಿಂದ ಆಗಲ್ಲ," ಎಂದ.

"ಮತ್ತೆ ಯಾವಾಗ ಹುಡುಕ್ತೀರಿ?"

ಅವನು ಟೋಪಿಯ ಅಂಚು ತಿರುವುತ್ತ ಕೂತ. ಹೇಳದಿದ್ದರೂ ಈ ಊರಿನಲ್ಲಿ ಎಲ್ಲರಿಗೂ ಗೊತ್ತು. ಮಾರ್ಚಿನಲ್ಲಿ ಮೇಲಿನ ಅಣೆಕಟ್ಟಿನ ಬಾಗಿಲು ತೆರೆಯುತ್ತಾರೆ. ನದಿ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನೆಲ್ಲ ಗುಡಿಸಿಕೊಂಡು ಹೋಗಿ ಕೆಳಗಿನ ಸರೋವರಕ್ಕೆ ಹಾಕುತ್ತದೆ. ಆ ಸರೋವರಕ್ಕೆ ಬಿದ್ದದ್ದು ಇವತ್ತಿನವರೆಗೆ ಯಾರಿಗೂ ತಿರುಗಿ ಸಿಕ್ಕಿಲ್ಲ.

ಅಂದರೆ ನನಗೆ ಮಾರ್ಚ್‌ವರೆಗೆ ಸಮಯವಿದೆ. ಅವರು ನಿಲ್ಲಿಸಿದರೆ ನಿಲ್ಲಿಸಲಿ. ಅವನು ಬದುಕಿಲ್ಲ ಎಂದು ನನಗೂ ಗೊತ್ತು, ನಾನೇನು ಹುಚ್ಚಿಯಲ್ಲ. ಆದರೆ ಅವನನ್ನು ಮನೆಗೆ ತಂದು ಮಣ್ಣಿಗೆ ಒಪ್ಪಿಸಬೇಕು. ಅಷ್ಟೂ ಆಗದಿದ್ದರೆ ನಾನು ಯಾಕಿರಬೇಕು.

ಅಡುಗೆಮನೆಯ ಮೇಜಿನ ಮೇಲೆ ಊರ ಹೆಂಗಸರು ತಂದಿಟ್ಟ ಆಲೂಗಡ್ಡೆ, ಚೀಸು, ನೂಡಲ್ಸಿನ ಪಾತ್ರೆಗಳು. ಅವುಗಳ ಕೆಳಗೆ ನನ್ನ ಕೆಂಪು ಚೌಕಳಿ ಮೇಜುಬಟ್ಟೆ. ಅದಕ್ಕೆ ಒಂದು ಮೂಲೆ ಇಲ್ಲ. ಆ ಶನಿವಾರ ನದಿಗೆ ಹೊರಡುವ ಮುಂಚೆ ವೆಂಡೆಲ್ ಕತ್ತರಿಸಿಕೊಂಡು ಹೋಗಿದ್ದ, ಕೇಳದೆ, ಹೇಳದೆ. ಅವನಿಗೆ ಮನೆಯ ಬಟ್ಟೆಯೆಲ್ಲ ಗಾಳದ ಕೋಲು ಒರೆಸುವ ಚಿಂದಿಯೇ. ಸಂಜೆ ತಟ್ಟೆ ಇಡುವಾಗ ನೋಡಿದೆ. ಬರಲಿ, ಗ್ರಹಚಾರ ಬಿಡಿಸುತ್ತೇನೆ ಅಂತ ಬೈಗುಳ ಜೋಡಿಸಿಕೊಂಡು ಕೂತೆ. ಸೂಪು ಆರಿತು. ಹೊರಗೆ ಹಿಮ ಬೀಳುತ್ತಲೇ ಇತ್ತು.

ಡಿಸೆಂಬರ್ 14

ನದಿಯ ಗುಂಟ ನಡೆದೆ. ನಡೆದೆ ಅನ್ನುವುದಕ್ಕಿಂತ ತಪ್ಪಿಸಿಕೊಂಡೆ ಅನ್ನಬೇಕು. ರಸ್ತೆ ಪಕ್ಕದಲ್ಲೇ ಹೋಗುತ್ತದಲ್ಲ, ಕಂಡವರೆಲ್ಲ ಗಾಡಿ ನಿಲ್ಲಿಸುತ್ತಾರೆ. ಇಳಿದು ಬರುತ್ತಾರೆ. ತಬ್ಬಿಕೊಳ್ಳುತ್ತಾರೆ. ಒಬ್ಬಾಕೆ ನನ್ನ ಭುಜದ ಮೇಲೆ ಎಷ್ಟು ಅತ್ತಳೆಂದರೆ ಕೊನೆಗೆ ನಾನೇ ಅವಳ ಬೆನ್ನು ಸವರಿ ಸಮಾಧಾನ ಮಾಡಿ ಕಳಿಸಬೇಕಾಯಿತು. ನನಗೆ ಸಮಾಧಾನ ಬೇಡ, ನದಿ ನೋಡಲು ಬಿಟ್ಟರೆ ಸಾಕು.

ಮನೆಗೆ ಬಂದ ಮೇಲೆ ಒಂದು ಉಪಾಯ ಹೊಳೆಯಿತು. ಈ ಊರಿನಲ್ಲಿ ನೀರಿಗಿಳಿದು ಗಾಳ ಹಾಕುತ್ತಿರುವವರನ್ನು ಯಾರೂ ಮಾತಾಡಿಸುವುದಿಲ್ಲ. ಅವರ ಹಿಂದೆ ದೂರದಿಂದ ಬಳಸಿ ಹೋಗುತ್ತಾರೆ, ಕೆಮ್ಮುವುದೂ ಇಲ್ಲ. ಚರ್ಚಿನಲ್ಲಿ ಗುಸುಗುಸು ಮಾತಾಡುವವರೂ ನದಿಯಲ್ಲಿ ಬಾಯಿ ಮುಚ್ಚುತ್ತಾರೆ. ವೆಂಡೆಲ್‌ನ ಎರಡನೆಯ ಕೋಲು ಗೋಡೆಗೆ ನೇತಾಡುತ್ತಿದೆ. ನಾನು ಇಷ್ಟು ವರ್ಷ ಅದರ ಧೂಳು ಒರೆಸಿದ್ದೇನೆ, ಹಿಡಿದಿಲ್ಲ.

ಡಿಸೆಂಬರ್ 15

ಕೋಲು ಕೈಯಲ್ಲಿತ್ತು. ಒಂದೇ ಒಂದು ಗಾಡಿ ನಿಲ್ಲಲಿಲ್ಲ.

ಅವನ ಹಳೆಯ ಎದೆಮಟ್ಟದ ರಬ್ಬರ್ ಉಡುಪಿನೊಳಗೆ ನನ್ನಂಥ ಇಬ್ಬರು ಹಿಡಿಯುತ್ತಾರೆ. ಅಂಚಿನ ನೀರಲ್ಲಿ ನಿಂತು ಸುಮ್ಮನೆ ದಾರ ಬೀಸುತ್ತ, ಕಣ್ಣು ಪೂರ್ತಿ ದಡದ ಬೇರುಗಳ ಮೇಲೆ, ಐಸಿನ ಅಂಚುಗಳ ಮೇಲೆ. ಏನೂ ಇಲ್ಲ. ಎಲ್ಲ ಬಿಳಿ.

ಕಪ್ಪುಬಂಡೆ ಮಡುವಿಗೆ ಬಂದಾಗ ಅವನ ಗೂಟಗಳು ಕಂಡವು. ಮಡುವಿನ ಕೆಳತುದಿಯ ತೆಳುನೀರಲ್ಲಿ ಟ್ರೌಟ್ ಮೀನುಗಳು ಶರತ್ಕಾಲದಲ್ಲಿ ಬಾಲದಿಂದ ಜಲ್ಲಿ ಗುಡಿಸಿ ಗೂಡು ಮಾಡುತ್ತವೆ, ಮೊಟ್ಟೆ ಇಟ್ಟು ಕಲ್ಲು ಮುಚ್ಚುತ್ತವೆ. ಚಳಿಗಾಲವಿಡೀ ಮೊಟ್ಟೆ ಅಲ್ಲೇ. ತಿಕ್ಕಿ ತೊಳೆದ ಹಾಗೆ ಬಿಳಿಚಿದ ಜಲ್ಲಿ ಕಂಡರೆ ಅದೇ ಗೂಡು. "ಎಷ್ಟೇ ನೀರು ಬಂದ್ರೂ ಕಲ್ಲಡಿ ಮೊಟ್ಟೆ ಜಗ್ಗಲ್ಲ ಕಣೆ, ಒಂದು ಬೂಟು ಬಿತ್ತೋ, ಮುಗೀತು," ಅನ್ನುತ್ತಿದ್ದ. ವರ್ಷ ವರ್ಷ ಗೂಟ ನೆಟ್ಟು, ಬಟ್ಟೆ ಕಟ್ಟಿ, ಕಾಲಿಡಲು ಹೋದವರಿಗೆಲ್ಲ ಕೂಗಿ ಕೂಗಿ ಇಡೀ ಊರಿಗೇ ಅಭ್ಯಾಸ ಮಾಡಿಸಿದ್ದ.

ನೋಡಿದ್ದೇ ಹೊಟ್ಟೆ ಉರಿದುಹೋಯಿತು. ಮೀನಿನ ಮೊಟ್ಟೆಗೆ ಕಾವಲು, ಹೆಂಡತಿಗೆ ಏನೂ ಇಲ್ಲ. ಈ ದಡದ ಗೂಟಗಳನ್ನೆಲ್ಲ ಕಿತ್ತೆ, ಮಾಸಿದ ಕಿತ್ತಳೆ ಬಟ್ಟೆ ಸಮೇತ. ಆಚೆ ಬದಿಯ ಬಂಡೆಗೋಡೆಯ ಬುಡದಲ್ಲಿ ಇನ್ನೊಂದಿದೆ, ಹಿಮ ಹಿಡಿದು ಬಿಳಿ ಮುದ್ದೆಯಾಗಿದೆ, ಅದು ಕೈಗೆ ಸಿಗಲಿಲ್ಲ. ದಡ ಹತ್ತಿ ಬಳಸಿ ಬರುವಾಗ ಜಾರಿ ಮೊಣಕಾಲು ತರಚಿತು. ಗೂಟಗಳನ್ನು ಮನೆಗೆ ತಂದು ಒಲೆಗೆ ಹಾಕಿದೆ. ಚೆನ್ನಾಗಿ ಉರಿದವು.

ಡಿಸೆಂಬರ್ 25

ಟೆಸ್ ಬಂದಿದ್ದಳು. ವೆಂಡೆಲ್‌ನ ತಂಗಿ, ಅವನ ಹಾಗೇ ಹುಬ್ಬು. ಹ್ಯಾಮ್ ಮಾಂಸ ತಂದಿದ್ದಳು, ಜೊತೆಗೆ ಪಾದ್ರಿಯ ಮಾತೂ ತಂದಿದ್ದಳು.

"ಒಂದು ಪ್ರಾರ್ಥನೆ ಇಟ್ಕೊಳ್ಳೋಣ ಇಡಾ. ಪೆಟ್ಟಿಗೇಲಿ ಅವನ ಕೋಟು, ಅವನ ಕೋಲು ಇಡೋಣ. ಹಾಗೂ ಮಾಡ್ತಾರಂತೆ."

"ಕೋಟು ಹೂಳೋಕೆ ನಾನೇನು ಕೋಟನ್ನ ಮದ್ವೆ ಆಗಿದ್ನಾ?"

"ನನಗೂ ಅವನು ಅಣ್ಣ ಕಣೆ," ಎಂದಳು. ಮೆಲ್ಲಗೆ ಹೇಳಿದಳು, ಅದಕ್ಕೇ ಇನ್ನೂ ಸಿಟ್ಟು ಬಂತು. ಹ್ಯಾಮ್ ಹಾಗೇ ಇದೆ.

ಜನವರಿ 3

ರಸ್ಕ್ ಸಿಕ್ಕಿದ. ಸೇತುವೆ ಬಳಿ ಗಾಳದ ಸಾಮಾನಿನ ಅಂಗಡಿ ಅವನದು. ವೆಂಡೆಲ್‌ನ ಜೊತೆ ಇಪ್ಪತ್ತು ವರ್ಷ ಜಗಳವಾಡುತ್ತ ಮೀನು ಹಿಡಿದವನು. ಹುಡುಕಾಟದಲ್ಲಿ ಜನರನ್ನು ಸಾಲು ಕಟ್ಟಿ ನಡೆಸಿದವನೂ ಅವನೇ. ದೂರದಲ್ಲಿ ನಿಂತು ನಾನು ಗಾಳ ಹಾಕುವುದನ್ನು ಬಹಳ ಹೊತ್ತು ನೋಡಿದ. ನಾನು ದಡಕ್ಕೆ ಬಂದ ಮೇಲೆಯೇ ಬಾಯಿ ಬಿಟ್ಟ.

"ಬೀಸೋದು ಪರವಾಗಿಲ್ಲ. ತುದಿಗೆ ನೊಣ ಕಟ್ಟಿದ್ರೆ ಇನ್ನೂ ಪರವಾಗಿಲ್ಲ."

ನನ್ನ ದಾರದ ತುದಿಯಲ್ಲಿ ಏನೂ ಇರಲಿಲ್ಲ. ಇಷ್ಟು ದಿನ ಬರಿ ದಾರ ಬೀಸಿದ್ದೇನೆ. ಮುಖ ಕೆಂಪಾಯಿತು. ಅವನು ನಗಲಿಲ್ಲ. ಟೋಪಿಗೆ ಚುಚ್ಚಿಕೊಂಡಿದ್ದ ಒಂದು ಹುಸಿನೊಣ ತೆಗೆದ. ಸೊಳ್ಳೆಗಿಂತ ಚಿಕ್ಕದು, ಗಾಳದ ಮೇಲೆ ಕಪ್ಪು ನೂಲು ಸುತ್ತಿದ್ದು, ಅಷ್ಟೇ. ಬೆರಳು ಬಾಯಲ್ಲಿಟ್ಟು ಬೆಚ್ಚಗೆ ಮಾಡಿಕೊಂಡು ಕಟ್ಟಿಕೊಟ್ಟ.

"ಇಡಾ, ಇಂಚಿಂಚೂ ನೋಡಿದ್ದೀವಿ ಕಣಮ್ಮ. ಕೌಂಟಿಯಿಂದ ವಾಸನೆ ಹಿಡಿಯೋ ನಾಯಿ ಕೂಡ ತರಿಸಿದ್ವಿ. ಅದೊಂದು ಪೆದ್ದು. ಕಪ್ಪುಬಂಡೆ ಹತ್ರ ಹೋಗಿ ಸೀದಾ ಗೂಡಿಗೆ ಕಾಲಿಡ್ತು, ಬೊಗಳ್ತಾ. ನಾನು ಸಾಸೇಜ್ ತೋರ್ಸಿ ವಾಪಸ್ ಕರೀಬೇಕಾಯ್ತು. ವೆಂಡೆಲ್ ಇದ್ದಿದ್ರೆ ನಾಯಿಗೂ ಅರ್ಧ ಗಂಟೆ ಉಪದೇಶ ಮಾಡಿರೋನು."

ನಗು ಬಂದುಬಿಟ್ಟಿತು. ಮನೆಗೆ ಬಂದು ಅದಕ್ಕಾಗಿ ಅತ್ತೆ.

ಜನವರಿ 9

ಕೊರೆಯುವ ಚಳಿ. ಕೋಲಿನ ಉಂಗುರಗಳಲ್ಲಿ ಐಸ್ ಕಟ್ಟಿ ದಾರ ಓಡುವುದಿಲ್ಲ. ಒಂದೊಂದನ್ನೇ ಬಾಯಿಗಿಟ್ಟು ಕರಗಿಸಬೇಕು. ತುಟಿ ಅಂಟಿಕೊಂಡು ಸಿಪ್ಪೆ ಕಿತ್ತುಬಂತು.

ಈ ಕಾಲದಲ್ಲಿ ಟ್ರೌಟ್ ಓಡಾಡುವುದಿಲ್ಲ, ಆಳದ ನಿಧಾನ ನೀರಲ್ಲಿ ಮೂತಿ ಮೇಲಕ್ಕೆ ಮಾಡಿ ನಿಂತಿರುತ್ತದೆ. ಬಾಯಿಗೇ ತಂದಿಟ್ಟರೆ ತಿನ್ನುತ್ತದೆ, ಅರ್ಧ ಗೇಣು ಆಚೆ ಹೋದರೆ ಬೇಡ. ವೆಂಡೆಲ್ ಇದನ್ನೆಲ್ಲ ಊಟದ ಹೊತ್ತಿಗೆ ಹೇಳುತ್ತಿದ್ದ. ನಾನು ಕೇಳಿಸಿಕೊಂಡಿಲ್ಲ ಅಂದುಕೊಂಡಿದ್ದೆ.

ದಾರ ಒಮ್ಮೆ ತಡೆದ ಹಾಗಾಯಿತು. ಎಳೆಯುವಷ್ಟರಲ್ಲಿ ಹೋಗಿತ್ತು.

ಜನವರಿ 10

ಏನೂ ಇಲ್ಲ. ಕೊರಕಲಿನ ಬಾಯಿಯವರೆಗೆ ಹೋದೆ. ಐಸಿನ ಮೇಲೆ ಮೊಣಕಾಲೂರಿ, ಹಿಮ ಒರೆಸಿ, ಕೆಳಗೆ ಇಣುಕಿದೆ. ಹಸಿರು ಕತ್ತಲೆ. ಅವನ ಹೆಸರು ಕೂಗಿದೆ. ಯಾಕೆ ಕೂಗಿದೆನೋ.

ಜನವರಿ 21

ಹಿಡಿದೆ.

ಕಪ್ಪುಬಂಡೆ ಮಡುವಿನ ಮೇಲ್ತುದಿಯಲ್ಲಿ ನಿಂತಿದ್ದೆ. ಬಂಡೆಯ ನೆರಳಿಂದ ಒಂದು ಮೊಳ ಈಚೆ ನೊಣ ಇಳಿಬಿಟ್ಟೆ. ಮೊದಲು ಬೇಗ ಹೋಯಿತು. ದಾರವನ್ನು ಸ್ವಲ್ಪ ಹರಿವಿನ ಮೇಲ್ಬದಿಗೆ ಎತ್ತಿಹಾಕಿ ಮತ್ತೆ ಬಿಟ್ಟೆ. ಮೂರನೆಯ ಸಲವೋ ನಾಲ್ಕನೆಯ ಸಲವೋ, ದಾರ ನಿಂತಿತು. ಅಷ್ಟೇ, ನಿಂತಿತು. ಕೋಲು ಎತ್ತಿದರೆ ಆಚೆ ಯಾರೋ ತಲೆ ಅಲ್ಲಾಡಿಸಿದ ಹಾಗೆ. ನಿಧಾನ, ನಿಧಾನ, ಎಳೀಬೇಡ ಕಣೆ, ಅದೇ ಬರುತ್ತೆ ಅಂತ ನನಗೆ ನಾನೇ ಹೇಳಿಕೊಂಡೆ. ಬಂತು. ಬೆಣ್ಣೆ ಬಣ್ಣದ ಹೊಟ್ಟೆ, ಪಕ್ಕೆಯಲ್ಲಿ ಕೆಂಪು ಚುಕ್ಕೆ, ಚುಕ್ಕೆಯ ಸುತ್ತ ನೀಲಿ. ಕೈಗವಸು ತೆಗೆದು, ಕೈ ಒದ್ದೆ ಮಾಡಿಕೊಂಡು, ನೀರೊಳಗೇ ಹಿಡಿದೆ. ಉಸಿರಾಡಿತು. ಬೆರಳು ಸಡಿಲಿಸಿದೆ, ಸ್ವಲ್ಪ ಹೊತ್ತು ಹೋಗಲೇ ಇಲ್ಲ, ಆಮೇಲೆ ಹೋಯಿತು.

ಗಾಡಿಗೆ ಬಂದು ಹೀಟರ್ ಹಾಕಿ ಕೂತಾಗ ಹೊಳೆಯಿತು: ಇಡೀ ಮಧ್ಯಾಹ್ನ ನಾನು ದಡದ ಕಡೆ ಒಮ್ಮೆಯೂ ನೋಡಿಲ್ಲ. ಒಮ್ಮೆಯೂ. ಅವನು ಯಾವುದೋ ಬೇರಿಗೆ ಸಿಕ್ಕಿಕೊಂಡು ನನ್ನ ಕಾಲ ಬುಡದಲ್ಲೇ ಹಾದು ಹೋಗಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ. ಎಂಥ ಹೆಂಗಸು ನಾನು. ಸ್ಟೇರಿಂಗಿಗೆ ತಲೆ ಜಜ್ಜಿಕೊಂಡೆ.

ಜನವರಿ 22

ಹೋಗಲಿಲ್ಲ. ದಿನವಿಡೀ ಹಾಸಿಗೆಯಲ್ಲಿದ್ದೆ. ಅವನ ದಿಂಬಿನಲ್ಲಿ ಅವನ ವಾಸನೆ ಹೋಗಿಬಿಟ್ಟಿದೆ. ಬರೇ ದಿಂಬಿನ ವಾಸನೆ.

ಫೆಬ್ರವರಿ 4

ಪಟ್ಟಣದವನೊಬ್ಬ ಹೊಸ ಕೋಟು, ಹೊಸ ಕೋಲು ಹಿಡಿದು ಕಪ್ಪುಬಂಡೆಯ ತೆಳುನೀರಿಗೆ ಇಳಿಯುತ್ತಿದ್ದ. ಸೀದಾ ಗೂಡಿನ ಕಡೆಗೆ. ಒಳಗಿಂದ ಎಲ್ಲಿತ್ತೋ ಆ ದನಿ.

"ಏಯ್ ಸ್ವಾಮಿ, ಕಾಲು ತೆಗೀರಿ. ಅದು ತೊಟ್ಟಿಲು, ನಿಮ್ಮ ಮನೆ ಅಂಗಳ ಅಲ್ಲ."

ಅವನು ಬೆಚ್ಚಿ ಹಿಂದೆ ಸರಿದ. "ಬೋರ್ಡು ಏನೂ ಇಲ್ವಲ್ಲ ಮೇಡಂ," ಎಂದ. ಅದೂ ಸರಿಯೇ.

ಮಧ್ಯಾಹ್ನ ವಿಲ್ಲೋ ಕೊಂಬೆ ಕಡಿದು ಗೂಟ ಮಾಡಿದೆ. ನನ್ನ ಹಳೆಯ ಹಳದಿ ಏಪ್ರನ್ ಹರಿದು ಕಟ್ಟಿದೆ. ಹಳೆಯವು ಇರಲಿಲ್ಲವಲ್ಲ, ಯಾರಾದರೂ ಮಾಡಬೇಕು. ಆಚೆ ಬದಿಯದು ಇನ್ನೂ ಬಿಳಿ ಮುದ್ದೆಯಾಗಿಯೇ ನಿಂತಿದೆ.

ಫೆಬ್ರವರಿ 17

ರಸ್ಕ್‌ನ ಅಂಗಡಿಯ ಬಾಗಿಲಿಗೆ ಚೀಟಿ ಅಂಟಿಸಿದ್ದಾರೆ. ಬೆಟ್ಟದಲ್ಲಿ ಈ ವರ್ಷ ಹಿಮ ಜಾಸ್ತಿ. ಅಣೆಕಟ್ಟಿನ ಬಾಗಿಲು ಮಾರ್ಚಿಗಲ್ಲ, ಬರುವ ಮಂಗಳವಾರವೇ ತೆರೆಯುತ್ತಾರಂತೆ.

ಎರಡು ಸಲ ಓದಿದೆ. ರಸ್ಕ್ ಸ್ಟೂಲು ತಂದು ಕೂರಿಸಿದ.

"ಅವರಿಗೆ ಹೇಳು. ಒಂದು ವಾರ ತಡೀಲಿ ಅಂತ ಹೇಳು."

"ಹೇಳ್ದೆ ಕಣಮ್ಮ. ಶೆರಿಫೂ ಹೇಳ್ದ. ಹಿಮ ಕರಗಿ ನೀರು ಮೇಲಕ್ಕೆ ಬಂದ್ರೆ ಊರೇ ಹೋಗುತ್ತೆ ಅಂತಾರೆ."

ಹೋಗಲಿ ಊರು. ಹೀಗಂತ ಜೋರಾಗಿ ಅಂದೆನೋ, ಮನಸ್ಸಲ್ಲೇ ಅಂದೆನೋ ನೆನಪಿಲ್ಲ.

ಫೆಬ್ರವರಿ 19

ಕೋಲು ಬಿಟ್ಟು ಕಬ್ಬಿಣದ ಸಲಾಕೆ ಹಿಡಿದು ಕೊರಕಲಿಗಿಳಿದೆ. ಐಸ್ ಒಡೆದೆ, ಒಡೆದೆ, ಅಂಗೈ ಬೊಬ್ಬೆ ಬಂದು ಒಡೆಯಿತು. ನದಿಗೆ ಬಾಯಿಗೆ ಬಂದಂತೆ ಬೈದೆ. ಆಮೇಲೆ ಕಾಲು ಹಿಡಿದುಕೊಂಡೆ. ನಿನಗೆ ಅವನು ಏನು ಕಮ್ಮಿ ಮಾಡಿದ್ದ, ನನಗಿಂತ ಹೆಚ್ಚು ನಿನ್ನನ್ನೇ ನೋಡಿಕೊಂಡನಲ್ಲ, ಕೊಡು, ಎಂಥ ಸ್ಥಿತಿಯಲ್ಲಿದ್ದರೂ ಕೊಡು ಅಂದೆ. ಸೊಂಟದವರೆಗೆ ನೀರಿಗೆ ಬಿದ್ದೆ. ಹೇಗೆ ಎದ್ದು ಬಂದೆನೋ ಗೊತ್ತಿಲ್ಲ. ಹಾಗೇ ಬಿಟ್ಟುಬಿಡೋಣ ಅಂತ ಒಂದು ಕ್ಷಣ ಅನಿಸಿದ್ದು ಮಾತ್ರ ಗೊತ್ತು. ನೀರು ಅಷ್ಟೇನೂ ತಣ್ಣಗೆ ಅನಿಸಲಿಲ್ಲ ಆಗ.

ಫೆಬ್ರವರಿ 20

ಜ್ವರ. ಟೆಸ್ ಬಂದು ಒಲೆ ಹಚ್ಚಿ, ಸೂಪು ಕುಡಿಸಿದಳು. ನಾನು ಸುಮ್ಮನೆ ಕುಡಿದೆ.

"ಕೋಟು ಹೂಳೋಣ ಬಿಡು," ಎಂದೆ.

ಅವಳು ನನ್ನ ಕೂದಲು ಹಿಂದಕ್ಕೆ ಸರಿಸಿದಳು. ಮೇಜುಬಟ್ಟೆ ಒಗೆದು ಒಲೆಯ ಮುಂದೆ ಒಣಗಲು ಹಾಕಿ ಹೋದಳು. ಮೂಲೆ ಇಲ್ಲದ ಆ ಚೌಕಳಿಯನ್ನೇ ನೋಡುತ್ತ ಮಲಗಿದ್ದೆ.

ಫೆಬ್ರವರಿ 22

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಬಿಸಿಲು ಬಂತು, ಸೂರಿನಿಂದ ಹನಿ ಬೀಳಲು ಶುರುವಾಯಿತು. ಕೊನೆಯ ಸಲ ಅಂತ ಕೋಲು ಹಿಡಿದು ಹೋದೆ. ಹುಡುಕಲು ಅಲ್ಲ. ಸುಮ್ಮನೆ. ಕಪ್ಪುಬಂಡೆಯಲ್ಲಿ ನನ್ನ ಹಳದಿ ಗೂಟವೊಂದು ವಾಲಿತ್ತು, ದಡದಿಂದಲೇ ಬಗ್ಗಿ ನೆಟ್ಟಗೆ ಮಾಡಿ ತಲೆ ಎತ್ತಿದೆ. ಆಚೆ ಬದಿಯ ಗೂಟದ ಹಿಮ ಕರಗಿತ್ತು. ಬಟ್ಟೆ ಗಾಳಿಗೆ ಬಿಚ್ಚಿಕೊಂಡಿತ್ತು. ಕೆಂಪು. ಕೆಂಪಿನಲ್ಲಿ ಬಿಳಿ ಚೌಕಳಿ.

ನನ್ನ ಮೇಜುಬಟ್ಟೆ.

ಅದನ್ನು ಅವನು ಕತ್ತರಿಸಿದ್ದು ಆ ಶನಿವಾರ ಬೆಳಿಗ್ಗೆ. ಅಂದರೆ ಅಲ್ಲಿ ಗೂಟ ನೆಟ್ಟದ್ದೂ ಆ ಶನಿವಾರವೇ. ಗೂಡುಗಳು ಈ ದಡದಿಂದ ನಡುನೀರಿನವರೆಗೂ ಹಬ್ಬಿವೆ. ಅವುಗಳ ಮೇಲೆ ಅವನು ಪ್ರಾಣ ಹೋದರೂ ಕಾಲಿಡುವವನಲ್ಲ. ಕೆಳಗೆಲ್ಲೋ ನದಿ ದಾಟಿ, ಆಚೆ ಬಂಡೆಗೋಡೆಗೆ ಅಂಟಿದ ಐಸಿನ ಅಂಚಿನ ಮೇಲೆ ಒರಗಿ ಒರಗಿ ನಡೆದು ಅಲ್ಲಿಗೆ ಬಂದಿದ್ದಾನೆ. ಗೂಟ ನೆಟ್ಟಿದ್ದಾನೆ. ತಿರುಗಿದ್ದಾನೆ, ಕಾಲಡಿಯ ಐಸ್ ಮುರಿದಿದೆ. ಆಮೇಲೆ ರಾತ್ರಿಯಿಡೀ ಹಿಮ ಬಿದ್ದು ಎಲ್ಲ ಮುಚ್ಚಿದೆ.

ಹುಡುಕಿದವರು ಯಾಕೆ ನೋಡಲಿಲ್ಲ? ಈ ಪ್ರಶ್ನೆ ಕೇಳಿಕೊಂಡು ಹಿಂದೆ ತಿರುಗಿದರೆ ನನ್ನದೇ ಹೆಜ್ಜೆಗಳು ಕಂಡವು. ನೀರಿನ ಅಂಚಿನಲ್ಲಿ ಬಂದ ಹೆಜ್ಜೆ ಗೂಡಿನ ಬಳಿ ದಡ ಹತ್ತಿ, ಬಳಸಿ, ಮೇಲೆ ಹೋಗಿ ಮತ್ತೆ ನೀರಿಗೆ ಇಳಿದಿದೆ. ಚಳಿಗಾಲವಿಡೀ ನಾನು ಹಾಗೇ ನಡೆದಿದ್ದೇನೆ. ಗೂಟ ಕಿತ್ತು ಸುಟ್ಟ ದಿನವೂ. ಊರವರೂ ಹಾಗೇ ನಡೆದಿದ್ದಾರೆ.

ಅಂಗಡಿಗೆ ಹೋಗಿ ಹೇಳಿದೆ. ರಸ್ಕ್ ಕಾಫಿ ಲೋಟ ಹಿಡಿದುಕೊಂಡೇ ನದಿಯ ಕಡೆ ತಿರುಗಿದ.

"ಸಾಲು ಕಟ್ಟಿ ಬಂದ್ವಿ," ಎಂದ. "ಅಲ್ಲಿ ಮಾತ್ರ ಎಲ್ರೂ ಮೇಲೆ ಹತ್ತಿ ಆಚೆ ಇಳಿದ್ವಿ. ಯಾರೂ ಹೇಳ್ಲೇ ಇಲ್ಲ, ಹತ್ತಿ ಅಂತ." ಲೋಟ ಕೆಳಗಿಟ್ಟ. "ನಾಯಿ ಹೇಳ್ತು ಇಡಾ. ನಾನೇ ವಾಪಸ್ ಕರೆದೆ."

ಅವನ ಮುಖ ನೋಡಲಾಗಲಿಲ್ಲ. "ಹಗ್ಗ ತಗೋ," ಎಂದೆ.

ಶೆರಿಫ್ ಬಂದ, ಅಂಗಡಿಯಲ್ಲಿದ್ದ ಇನ್ನಿಬ್ಬರು ಬಂದರು. ಹಿಮದ ಮೇಲೆ ಎಳೆಯುವ ಹಲಗೆ, ಹಾರೆ, ಹಗ್ಗ. ಆಚೆ ಬದಿಯ ಐಸಿನ ಅಂಚು ಬಿಸಿಲಿಗೆ ಟೊಳ್ಳಾಗಿತ್ತು, ಹಾರೆ ತಾಗಿಸಿದರೆ ಮುರಿದು ಬೀಳುತ್ತಿತ್ತು. ಅದರ ಮೇಲೆ ಇನ್ನೊಬ್ಬನನ್ನು ಕಳಿಸುವ ಹಾಗಿರಲಿಲ್ಲ. ಇದ್ದ ದಾರಿ ಒಂದೇ, ಗೂಡುಗಳ ಮೇಲೆ.

ನಾಲ್ವರೂ ಬಿಳಿಚಿದ ಜಲ್ಲಿಯ ಅಂಚಿಗೆ ಬಂದು ನಿಂತುಬಿಟ್ಟರು. ಮೊಣಕಾಲುದ್ದ ನೀರಲ್ಲಿ, ದೊಡ್ಡ ದೊಡ್ಡ ಗಂಡಸರು. ಒಬ್ಬನೂ ಮುಂದೆ ಹೋಗಲಿಲ್ಲ. ರಸ್ಕ್ ಟೋಪಿ ತೆಗೆದು ನನ್ನ ಕಡೆ ನೋಡಿದ.

ಕ್ರಿಸ್‌ಮಸ್ ಹೊತ್ತಿಗೆ ಕೇಳಿದ್ದರೆ ನಾನೇ ಕುಣಿದು ತುಳಿಯುತ್ತಿದ್ದೆ. ಇವತ್ತು ಮೊದಲು ಜಲ್ಲಿಯ ಕಡೆ ನೋಡಿದೆ, ಆಮೇಲೆ ಆಚೆಯ ಕೆಂಪು ಬಟ್ಟೆಯ ಕಡೆ.

"ನಡೀರಿ," ಎಂದೆ. "ಬೈದ್ರೆ ನನ್ನನ್ನ ಬೈತಾನೆ."

ರಸ್ಕ್ ಮೊದಲು ಹೋದ. ಐಸಿನ ಅಂಚು ಒಡೆದ. ಬಂಡೆಗೋಡೆಯ ಬುಡದ ಬೇರುಗಳ ಕೆಳಗೆ, ಗೋಡೆಯ ಕಡೆಗೆ ಮುಖ ಮಾಡಿ, ಅವನಿದ್ದ. ಹೆಗಲ ಚೀಲದಲ್ಲಿ ಇನ್ನೂ ಎರಡು ಗೂಟ ಉಳಿದಿದ್ದವು. ನೀರು ಅವನನ್ನು ಕೆಡಿಸಿರಲಿಲ್ಲ. ಮುಟ್ಟಿದೆ. ಹುಬ್ಬಿನ ಮೇಲಿನ ಐಸ್ ಒರೆಸಿದೆ. ಇಷ್ಟು ಹತ್ತಿರವಿದ್ದೆಯಲ್ಲೋ, ನಾನು ಮೀನು ಹಿಡಿದಾಗ ನೋಡುತ್ತಿದ್ದೆಯಾ ಅಂತ ಕೇಳಬೇಕೆಂದುಕೊಂಡೆ. ಜನ ಇದ್ದರು, ಕೇಳಲಿಲ್ಲ.

ಹಲಗೆಯ ಮೇಲೆ ಕಟ್ಟಿ ಈಚೆ ತಂದರು. ಅಕ್ಕಪಕ್ಕ ಇಬ್ಬಿಬ್ಬರು ಹಿಡಿದರೆ ಹಗುರವಾಗುತ್ತಿತ್ತು. ಹಾಗೆ ಹಿಡಿಯಲಿಲ್ಲ. ಒಬ್ಬರ ಹಿಂದೆ ಒಬ್ಬರು ನಿಂತು, ಭಾರಕ್ಕೆ ಹಲ್ಲು ಕಚ್ಚಿಕೊಂಡು, ರಸ್ಕ್ ಹೋಗುವಾಗ ಇಟ್ಟ ಹೆಜ್ಜೆಯಲ್ಲೇ ಹುಡುಕಿ ಹುಡುಕಿ ಕಾಲಿಟ್ಟರು. ಯಾರೂ ಯಾರಿಗೂ ಹೇಳಿರಲಿಲ್ಲ. ಕೊನೆಯಲ್ಲಿ ನಾನು. ನಾನೂ ಅದರಲ್ಲೇ ಕಾಲಿಟ್ಟೆ.

ಫೆಬ್ರವರಿ 23

ಗುರುವಾರ ಮಣ್ಣು. ಪಾದ್ರಿಯ ಜೊತೆ ಮಾತಾಡುವ ಕೆಲಸ ಟೆಸ್‌ಗೆ ಬಿಟ್ಟೆ. ನಾಳೆ ಬಾಗಿಲು ತೆರೆಯುತ್ತಾರೆ, ತೆರೆಯಲಿ.

ಅವನನ್ನು ತರುವಾಗ ಹಲಗೆ ತಾಗಿ ಈ ದಡದ ಎರಡು ಗೂಟ ಬಿದ್ದಿದ್ದವು. ಏಪ್ರನ್ ಮುಗಿದುಹೋಗಿದೆ. ಮೇಜುಬಟ್ಟೆಯ ಇನ್ನೊಂದು ಮೂಲೆ ಕತ್ತರಿಸಿದೆ. ಅವನ ಚೀಲದಲ್ಲಿ ಉಳಿದಿದ್ದ ಆ ಎರಡು ಗೂಟ ತೆಗೆದುಕೊಂಡು ಹೋಗಿ ನೆಟ್ಟು ಬಂದೆ.

ವಾಪಸು ಬರುವಾಗ ರಸ್ತೆಯಲ್ಲಿ ಒಂದು ಗಾಡಿ ನಿಂತಿತು. ಡಿಸೆಂಬರಿನಲ್ಲಿ ನನ್ನ ಭುಜದ ಮೇಲೆ ಅತ್ತಿದ್ದಳಲ್ಲ, ಅದೇ ಹೆಂಗಸು. ಇಳಿದು ಓಡಿ ಬಂದಳು. ಆಗ ನೆನಪಾಯಿತು, ಕೋಲು ಮನೆಯಲ್ಲೇ ಬಿಟ್ಟು ಬಂದಿದ್ದೆ. ತಬ್ಬಿಕೊಂಡಳು. ಈ ಸಲ ಅವಳು ಅಳಲಿಲ್ಲ, ನಾನು ಅತ್ತೆ.